ಚಿತ್ ಆಗದ ಕುಸ್ತಿ

ನಾನು ಒಂದು ಕುಸ್ತಿ ಮ್ಯಾಟ್. ಮಣ್ಣಿಗೂ ನನಗೂ ಹುಟ್ಟಿನಿಂದಲೇ ಸಂಬಂಧವಿಲ್ಲ. ಗೋಧಿ ಬೆಳೆಯುವ ಉತ್ತರದ ಸೀಮೆಯ ಒಂದು ಕಾರ್ಖಾನೆಯಲ್ಲಿ, ಕಾದ ರಬ್ಬರಿನ ವಾಸನೆಯ ನಡುವೆ, ತುಂಡು ತುಂಡಾಗಿ ಹುಟ್ಟಿದೆ. ತುಂಡುಗಳನ್ನು ಒತ್ತಾಗಿ ಜೋಡಿಸಿ, ಮೇಲೆ ನೀಲಿ ಹೊದಿಕೆ ಎಳೆದು ಬಿಗಿದಾಗಲೇ ನಾನು ಪೂರ್ತಿ ನಾನಾಗುವುದು. ನನ್ನ ನಡುವೆ ಹಳದಿ ವೃತ್ತ, ಅದರ ಅಂಚಿಗೆ ಕೆಂಪು ಪಟ್ಟಿ.

ಲಾರಿ ಏರಿ ಮುಧೋಳದ ಕಡೆಯ ಒಂದು ಊರಿಗೆ ಬಂದೆ. ಇಳಿಸಿದ ದಿನವೇ ಬೈಗುಳದ ಸ್ವಾಗತ. ಊರ ಗರಡಿಯ ಉಸ್ತಾದ ರಾಚಪ್ಪ ಬಂದು ನನ್ನನ್ನು ಕೋಲಿನಿಂದ ತಿವಿದು ನೋಡಿದ.

"ಇದರ ಮ್ಯಾಲೆ ಕುಸ್ತಿ ಆಡತೀರೋ, ಬಾಣಂತಿ ಮಲಗಸತೀರೋ?"

ನನ್ನನ್ನು ತರಿಸಿದವಳು ತರಬೇತಿ ಕೊಡುವ ಕಾಶೀಬಾಯಿ ಲಮಾಣಿ. ಆಕೆಯೂ ಬಿಡುವವಳಲ್ಲ. "ನಿಮ್ಮ ಗರಡ್ಯಾಗ ಹೆಣ್ಮಕ್ಕಳನ್ನ ಬಿಡಂಗಿಲ್ಲಲ್ರಿ, ಉಸ್ತಾದರ. ಅವರಿಗೂ ಬೀಳಾಕ ಒಂದ್ ಜಾಗಾ ಬೇಕು."

ಆ ಜಾಗಕ್ಕೆ ಮೊದಲು ಬಂದು ಬಿದ್ದವಳು ರಾಚಪ್ಪನ ಮೊಮ್ಮಗಳು ನೀಲವ್ವ. ಅಪ್ಪ ಇಲ್ಲದ ಹುಡುಗಿ, ಅಜ್ಜನ ಮನೆಯಲ್ಲೇ ಬೆಳೆದವಳು. ಆಕೆ ಒಂದು ದಿನ ನನ್ನ ಮೇಲೆ ಅಂಗಾತ ಮಲಗಿ ಕಾಶೀಬಾಯಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಸಣ್ಣವಳಿದ್ದಾಗ ಯಾರೂ ಇಲ್ಲದ ಹೊತ್ತಿನಲ್ಲಿ ಗರಡಿಗೆ ನುಗ್ಗಿ, ಆ ಕೆಂಪು ಮಣ್ಣಿನಲ್ಲಿ ಲಾಗ ಹೊಡೆದಿದ್ದಳಂತೆ. ಅಜ್ಜ ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಆಳುಗಳನ್ನು ಕರೆಸಿ ಅಖಾಡದ ಮಣ್ಣನ್ನೆಲ್ಲ ಅಗೆಸಿ ಹಳ್ಳಕ್ಕೆ ಚೆಲ್ಲಿಸಿದ. ಹೊಸ ಮಣ್ಣು ತುಂಬಿಸಿ, ಎಣ್ಣೆ ಅರಿಶಿನ ಮಜ್ಜಿಗೆ ಹಾಕಿ ಹದ ಮಾಡಿಸಿದ. ಇಡೀ ಓಣಿ ನಿಂತು ನೋಡಿತು.

"ಹೊಡದಿದ್ರ ಮರತ ಬಿಡತಿದ್ದೆ ಅಕ್ಕಾ," ಎಂದಳು ನೀಲವ್ವ.

ಜನರನ್ನು ನಾನು ಅಂಗಾಲಿನಿಂದ ಬಲ್ಲೆ. ನೀಲವ್ವನದು ಸಿಟ್ಟಿನ ಕಾಲು. ಹೆಬ್ಬೆರಳು ನನ್ನೊಳಗೆ ಇಳಿಯುವಂತೆ ಊರಿ ನಿಲ್ಲುತ್ತಿದ್ದಳು. ಒಂದು ಸಂಜೆ ಎತ್ತಿ ಒಗೆಸಿಕೊಂಡಾಗ ಎಡಭುಜದ ಮೇಲೆ ಬಿದ್ದು ಕೀಲು ತಪ್ಪಿತು. ಊರಲ್ಲಿ ಕೀಲು ಕೂಡಿಸುವ ಕೈ ಇದ್ದದ್ದು ರಾಚಪ್ಪನಿಗೇ. ಅಜ್ಜ ಭುಜ ಕೂಡಿಸಿ, ಪಟ್ಟಿ ಕಟ್ಟಿ, ಎದ್ದು ಹೋದನಂತೆ. "ಒಳಗ ಮನಸು ಐತಿ ಅಂವಗ," ಎಂದಳು ಕಾಶೀಬಾಯಿ. ನೀಲವ್ವನೂ ಹಾಗೇ ನಂಬಿದಳು.

ರಾಜ್ಯ ತಂಡದ ಆಯ್ಕೆ ನನ್ನ ಮೇಲೆಯೇ ನಡೆಯಿತು. ನೀಲವ್ವನ ತೂಕಕ್ಕೆ ಇದ್ದದ್ದು ಒಂದೇ ಸ್ಥಾನ, ಎದುರಾಳಿ ಇಳಕಲ್ಲಿನ ಮಹಾದೇವಿ. ರಾಚಪ್ಪನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಅವನು ಅಲ್ಲಿ ಕೂರಲಿಲ್ಲ. ನನ್ನ ಅಂಚಿಗೇ ನಡೆದು ಮಹಾದೇವಿಯ ಮೂಲೆಗೆ ಹೋಗಿ ನಿಂತ.

"ಎಡಭುಜ," ಎಂದ ಮೆಲ್ಲಗೆ. "ಹ್ವಾದ ವರ್ಷ ಕಳಚಿತ್ತು, ನಾನ ಕೂಡಿಸೀನಿ. ಅದನ್ನ ಹಿಡದು ತಿರುವು."

ಮಹಾದೇವಿ ಗಾಬರಿಯಾದಳು. "ಆಕಿ ನಿಮ್ಮ ಮೊಮ್ಮಗಳಲ್ಲೇನ್ರಿ?"

"ಗರಡಿ ಮರ್ಯಾದಿ ಕಳದಾಕಿ ನನಗ ಏನೂ ಅಲ್ಲ."

ಎದುರು ಮೂಲೆಯಿಂದ ನೀಲವ್ವ ಅಜ್ಜನನ್ನೇ ನೋಡುತ್ತಿದ್ದಳು. ಆಕೆಯ ಕಾಲು ನನ್ನ ಮೇಲೆ ಒಮ್ಮೆ ಸಡಿಲಾಯಿತು.

ಸೀಟಿ ಬಿತ್ತು. ಮಹಾದೇವಿ ಕಾಲಿಗೆ ನುಗ್ಗಿ ಕೆಡವಿದಳು, ಎರಡು ಅಂಕ. ಕೆಡವಿದವಳೇ ಎಡಗೈ ಸೆರೆಹಿಡಿದು ಮಗ್ಗುಲಿಗೆ ಉರುಳಿಸಿದಳು, ಮತ್ತೆರಡು. ಇನ್ನೊಮ್ಮೆ ಉರುಳಿಸಿದಳು, ಆರು. ನೀಲವ್ವನ ಬಲಭುಜ ನನ್ನನ್ನು ಮುಟ್ಟಿತ್ತು. ಎಡಭುಜವೂ ಕೂಡಿ ಮುಟ್ಟಿದ್ದರೆ ಚಿತ್, ಅಲ್ಲಿಗೆ ಮುಗಿಯಿತು. ರೆಫರಿ ಬೋರಲು ಮಲಗಿ ಕೆನ್ನೆಯನ್ನು ನನಗಾನಿಸಿ ಆ ಸಂದನ್ನೇ ನೋಡುತ್ತಿದ್ದ. ನೀಲವ್ವ ನೆತ್ತಿಯನ್ನು ನನ್ನಲ್ಲಿ ಊರಿ, ಬೆನ್ನನ್ನು ಕಮಾನಿನಂತೆ ಎತ್ತಿ ಹಿಡಿದಳು. ಆ ಭುಜದೊಳಗೆ ಏನೋ ನರಳುವುದು ನನಗೆ ಮಾತ್ರ ಕೇಳುತ್ತಿತ್ತು. ಮೊದಲ ಅವಧಿ ಮುಗಿದ ಗಂಟೆ ಆಕೆಯನ್ನು ಉಳಿಸಿತು.

"ಸಾಕು, ಬಿಟ್ಟಬಿಡೋಣು," ಎಂದಳು ಕಾಶೀಬಾಯಿ ನೀರು ಕುಡಿಸುತ್ತ. "ಭುಜ ಕಿತ್ತ ಬರತೈತಿ."

"ನಮ್ಮಜ್ಜ ಕೂಡಿಸಿದ ಎಲುಬು ಇದು. ಬಿಚ್ಚಂಗಿಲ್ಲ. ಅದು ಅಂವಗೂ ಗೊತ್ತೈತಿ."

ಎರಡನೇ ಅವಧಿಯಲ್ಲಿ ಆಕೆ ಎಡಗೈಯನ್ನು ಎದೆಗೆ ಒತ್ತಿಕೊಂಡೇ ಆಡಿದಳು. ಬಗ್ಗಿ ಕಾಲು ಸೆಳೆದು ಕೆಡವಿದಳು, ಎರಡು. ಎದ್ದು ಮತ್ತೆ ಕೆಡವಿದಳು, ನಾಲ್ಕು. ಮಹಾದೇವಿ ದಣಿದಳು, ಹಿಂದೆ ಹಿಂದೆ ಸರಿದಳು. ಗಂಟೆ ಹೊಡೆಯುವ ಮುನ್ನ ನೀಲವ್ವ ಹಿಂದಿನಿಂದ ಸೊಂಟ ಬಳಸಿ ಆಕೆಯನ್ನು ನನ್ನ ಮೇಲೆ ಬೋರಲು ಕೆಡವಿದಳು. ಆರಕ್ಕೆ ಆರು.

ರೆಫರಿ ನೀಲವ್ವನ ಕೈ ಎತ್ತಿದ. ರಾಚಪ್ಪ ಚಪ್ಪಲಿ ಮೆಟ್ಟಿದ ಕಾಲಲ್ಲೇ ನನ್ನ ಮೇಲೆ ನುಗ್ಗಿದ.

"ಎಂಥಾ ಗೆಲುವಲೇ ಇದು? ಯಾರ ಬೆನ್ನೂ ನೆಲಾ ಮುಟ್ಟಿಲ್ಲ! ಬರಾಬರಿ ಅಂತ ಜೋಡಿ ಬಿಡಸು!"

"ಮ್ಯಾಟಿನ್ಯಾಗ ಬರಾಬರಿ ಅನ್ನೂದು ಇಲ್ರಿ, ಉಸ್ತಾದರ," ಎಂದ ರೆಫರಿ. "ಅಂಕ ಸಮ ಆದ್ರ ದೊಡ್ಡ ಪಟ್ಟು ಯಾರದು ನೋಡತೀವಿ. ಇಬ್ಬರದೂ ಎರಡೆರಡರ ಪಟ್ಟ. ಇಬ್ಬರಿಗೂ ಎಚ್ಚರಿಕಿ ಕೊಟ್ಟಿಲ್ಲ. ಹಂಗಿದ್ದಾಗ ಕಡೀ ಅಂಕ ತಗೊಂಡಾಕಿ ಗೆದ್ದಂಗ. ಮೊದ್ಲ ಚಪ್ಪಲಿ ತಗೀರಿ."

ರಾಚಪ್ಪ ಬಾಯಲ್ಲಿದ್ದ ತಂಬಾಕನ್ನು ಹಳದಿ ವೃತ್ತದ ನಡುವೆ ಪಿಚಕ್ಕನೆ ಉಗುಳಿದ. ನೀಲವ್ವ ಅಜ್ಜನ ಹೆಗಲ ಮೇಲಿನ ವಲ್ಲಿಯನ್ನು ಬಲಗೈಯಿಂದ ಎಳೆದುಕೊಂಡಳು. ಮೊಣಕಾಲೂರಿ, ಅದರಿಂದಲೇ ಉಗುಳನ್ನು ಒರೆಸಿದಳು. ಒರೆಸಿದ ವಲ್ಲಿಯನ್ನು ಅವನ ಚಪ್ಪಲಿಯ ಮೇಲೆ ಒಗೆದಳು. ಅವನು ವಲ್ಲಿಯನ್ನು ಅಲ್ಲೇ ಬಿಟ್ಟು ನನ್ನಿಂದ ಇಳಿದು ಹೋದ. ಸಿಟ್ಟಿಗೋ, ನೋವಿಗೋ ತಿಳಿಯಲಿಲ್ಲ, ತಿಳಿಯುವ ಮನಸ್ಸೂ ನನಗಿರಲಿಲ್ಲ.

ಆಕೆ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಕಾಶೀಬಾಯಿಯ ಜೊತೆಗಿದ್ದು, ಆಡಿ, ಪದಕ ತಂದು, ಕೊನೆಗೆ ಕಾಶೀಬಾಯಿ ನಿವೃತ್ತಳಾದಾಗ ಸೀಟಿಯನ್ನು ತಾನೇ ಕೊರಳಿಗೆ ಹಾಕಿಕೊಂಡಳು. ಊರು ಅದೇ, ಓಣಿ ಅದೇ. ಅಜ್ಜ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರಂತೆ.

ಒಂದು ಬೆಳಗ್ಗೆ ಗರಡಿಯ ಶಿಷ್ಯ ದುಂಡಪ್ಪ ಬಂದು ಬಾಗಿಲಲ್ಲಿ ನಿಂತ. "ಅಕ್ಕಾ, ಉಸ್ತಾದರು ಹ್ವಾದ್ರು. ಮಧ್ಯಾಹ್ನಕ್ಕ ಮಣ್ಣು ಮಾಡತೀವಿ. ಕುಣಿಗೆ ಗರಡಿ ಮಣ್ಣ ತರಸೀವಿ. ನೀನೂ ಬಂದು ಒಂದ್ ಹಿಡಿ ಹಾಕು."

"ನಾ ಮುಟ್ಟಿದ್ರ ಆ ಮಣ್ಣು ಮತ್ತ ಅಗದು ಚೆಲ್ಲಬೇಕಾಗತೈತಿ, ದುಂಡಪ್ಪ. ಯಾಕ ಬೇಕು ನಿಮಗ ಆ ತ್ರಾಸು?"

ಅವನು ತಿರುಗಿ ಹೋದ. ನೀಲವ್ವ ಸೀಟಿ ಊದಿದಳು. ಹುಡುಗಿಯರು ಜೋಡಿ ಜೋಡಿಯಾಗಿ ಹಿಡಿದರು. ಮಧ್ಯಾಹ್ನ ಓಣಿಯಲ್ಲಿ ಭಜನೆಯ ತಾಳ ಸಾಗಿಹೋಗುವಾಗ ಆಕೆ ನನ್ನ ನಡುವೆ ಒಬ್ಬಳೇ ನಿಂತು, ಬಲಗೈಯಿಂದ ಎಡಭುಜವನ್ನು ಒತ್ತಿ ಹಿಡಿದುಕೊಂಡಿದ್ದಳು. ತಾಳ ಕೇಳಿಸದಾಗುವವರೆಗೂ ಕದಲಲಿಲ್ಲ.

ಈಗ ನನ್ನ ಹೊದಿಕೆ ಬಿರಿದಿದೆ, ಫೋಮು ಹಿಟ್ಟಾಗಿ ಉದುರುತ್ತಿದೆ. ಹೊಸ ಮ್ಯಾಟ್ ಬಂದಿದೆ. ನನ್ನನ್ನು ತುಂಡು ಬಿಚ್ಚಿ, ಉಗ್ರಾಣದಲ್ಲಿ ಮುರಿದ ಹರ್ಡಲ್ಲುಗಳ ಹಿಂದೆ ಒಟ್ಟಿದ್ದಾರೆ. ಆಟ ಸ್ನೇಹ ಬೆಳೆಸುತ್ತದೆ ಎಂದು ಭಾಷಣ ಮಾಡಿದವರ ಬೂಟುಗಳೂ ನನ್ನ ಪಕ್ಕದಲ್ಲಿ ಓಡಾಡಿದ್ದವು. ಅವರು ಕೆಳಗೆ ಮಲಗಿ ನೋಡಿದವರಲ್ಲ. ನನ್ನ ಮೇಲೆ ಎಂಥ ಹಗೆಯಿಂದ ಹಿಡಿದವರೂ ಸೀಟಿ ಬಿದ್ದ ಕೂಡಲೇ ಹಿಡಿತ ಬಿಡಬೇಕಿತ್ತು. ಅಂಚಿನ ಆಚೆ ಆ ಅಜ್ಜ ಮೊಮ್ಮಗಳು ಹಿಡಿದ ಹಿಡಿತಕ್ಕೆ ಸೀಟಿ ಊದುವವರು ಯಾರೂ ಇರಲಿಲ್ಲ.