ಗಾರ್ಡ್ ಡಬ್ಬಿಯ ಮಾವಿನ ಕಪಾಟು

ನಾನು ಒಂದು ಕಪಾಟು. ಆದರೆ ಕಪಾಟಾಗಿ ಹುಟ್ಟಿದವನಲ್ಲ. ಕೋಲಾರದ ಕಡೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಚಿಕ್ಕ ರೈಲಿನ ಕೊನೆಯ ಡಬ್ಬಿ ನಾನು, ಗಾರ್ಡ್ ಕೂರುವ ಡಬ್ಬಿ. ಅದು ಯುದ್ಧದ ಕಾಲ, ಸಾಗುವಾನಿ ಸಿಗುತ್ತಿರಲಿಲ್ಲ. ಗಾರ್ಡಿಗೆ ಮಾವಿನ ಹಲಗೆಯೇ ಸಾಕು ಎಂದರು. ಮೊಳೆ ಹೊಡೆಯುತ್ತಿದ್ದ ಬಡಗಿ, ಇದು ಎಷ್ಟು ದಿನ ಬಂದೀತು ಎಂದು ಗೊಣಗಿದ್ದು ನನಗೆ ಕೇಳಿಸಿತು. ಹುಟ್ಟಿದ ದಿನವೇ ಇಂಥ ಮಾತು ಕಿವಿಗೆ ಬಿದ್ದರೆ ಧೈರ್ಯ ಎಲ್ಲಿಂದ ಬರಬೇಕು? ಅಂದಿನಿಂದ ನಾನು ಪುಕ್ಕಲು.

ನನ್ನ ಗಾರ್ಡ್ ಚೌರಪ್ಪ. ನನ್ನ ಗೋಡೆಗೆ ಬೆನ್ನು ಕೊಟ್ಟು ಕೂತು ಬುತ್ತಿ ಬಿಚ್ಚುವುದು ಅವನ ವಾಡಿಕೆ. ಒಮ್ಮೆ ಏರಿನಲ್ಲಿ ಕೊಂಡಿ ಕಳಚಿ ನಾನೊಬ್ಬನೇ ಹಿಂದಕ್ಕೆ ಜಾರತೊಡಗಿದೆ. ಒಳಗೆ ಚೌರಪ್ಪನಿದ್ದ. ಅವನಿಗೇನಾದರೂ ಆದರೆ ಎಂದು ನನ್ನ ಹಲಗೆಗಳೆಲ್ಲ ಅದುರಿದವು. ಅವನೋ ಬ್ರೇಕಿನ ಚಕ್ರ ತಿರುಗಿಸಿ ನಿಲ್ಲಿಸಿ, ಉಳಿದ ಮುದ್ದೆ ತಿಂದ. ನನಗೆ ಆ ನಡುಕ ಇಳಿಯಲು ಬಹಳ ದಿನ ಹಿಡಿಯಿತು.

ಮುಂದೆ ರೈಲು ನಿಂತಿತು. ಹಳಿ ಕಿತ್ತರು, ನನ್ನ ಕಬ್ಬಿಣವನ್ನು ಗುಜರಿಗೆ ಹಾಕಿದರು. ಹಲಗೆಗಳನ್ನು ಕೊಂಡವರು ಪದ್ಮರಾಜಯ್ಯ ಎಂಬ ಭೂಗೋಳದ ಮೇಷ್ಟ್ರು. ಅವರಿಗೆ ಚಿಕ್ಕ ರೈಲಿನ ಹುಚ್ಚು. ವೇಳಾಪಟ್ಟಿ, ನಿಯಮದ ಪುಸ್ತಕ, ಎಂಜಿನ್ನಿನ ಚಿತ್ರ, ಸಿಕ್ಕಿದ್ದೆಲ್ಲ ಕೂಡಿಸಿ ಹಳೆಯ ಸ್ಟೇಷನ್ನಿನಲ್ಲೇ ಒಂದು ಗ್ರಂಥಾಲಯ ತೆರೆದರು. ನನ್ನನ್ನು ಕಪಾಟು ಮಾಡಿಸಿ, ಎಲ್ಲಕ್ಕಿಂತ ಅಮೂಲ್ಯವಾದ ವಸ್ತುವನ್ನು ನನ್ನ ಮೇಲಿನ ಅರೆಯಲ್ಲಿಟ್ಟರು: ಬಟ್ಟೆಯ ಮೇಲೆ ಬರೆದ ದಾರಿಯ ನಕ್ಷೆ. ಪ್ರತಿ ತಿರುವು, ಪ್ರತಿ ಸೇತುವೆ, ಎಂಜಿನ್ನಿಗೆ ನೀರು ತುಂಬುತ್ತಿದ್ದ ಬಾವಿ ಕೂಡ ಅದರಲ್ಲಿತ್ತು. ಹಳಿಯ ಜಾಗದಲ್ಲಿ ಈಗ ಮನೆಗಳೆದ್ದಿವೆ. ಆ ರೈಲು ಎಲ್ಲಿ ಓಡಿತು ಎಂದು ಹೇಳಲು ಜಗತ್ತಿನಲ್ಲಿ ಉಳಿದದ್ದು ಅದೊಂದೇ.

ಗ್ರಂಥಾಲಯ ನೋಡಿಕೊಳ್ಳಲು ಬಂದವರು ತೆರೇಸಮ್ಮ, ಚೌರಪ್ಪನ ಮಗಳು. ಮೇಷ್ಟ್ರು ಎಲ್ಲ ಕಪಾಟುಗಳಿಗೂ ಗೆದ್ದಲು ಹತ್ತದ ಕರಿ ಎಣ್ಣೆ ಬಳಿಸಿದರು. ನನ್ನ ಸರದಿ ಬಂದಾಗ ತೆರೇಸಮ್ಮ ಅಡ್ಡ ನಿಂತರು. ನನ್ನ ಬಾಗಿಲಿನ ಮೇಲೆ ಡಬ್ಬಿಯ ಹಳೆಯ ಬಣ್ಣ, ಹಳೆಯ ನಂಬರು ಹಾಗೇ ಇದ್ದವು.

"ಅಪ್ಪ ಒರಗಿ ಒರಗಿ ಸವೆದಿರೋ ಹಲಗೆ ಸಾರ್ ಇದು. ಇದಕ್ಕೆ ಮಸಿ ಬಳೀಬೇಡಿ."

ಮೇಷ್ಟ್ರಿಗೂ ಅದೇ ಬೇಕಿತ್ತು. ರೈಲಿನ ಹುಚ್ಚಿರುವವರಿಗೆ ಹಳೆಯ ಬಣ್ಣವೆಂದರೆ ದೇವರ ಪ್ರಸಾದ. ನೋಡಲು ಬಂದವರೆಲ್ಲ ನನ್ನ ನಂಬರು ಸವರಿ ಫೋಟೋ ತೆಗೆದುಕೊಂಡರು. ನನಗೂ ಕೊಂಚ ಜಂಬ ಬಂತು, ಸುಳ್ಳೇಕೆ ಹೇಳಲಿ?

ಹೆದರುವವರ ಮೇಲೆ ಹಾವು ಎಸೆದಂತೆ, ಒಂದು ಮಳೆಗಾಲದಲ್ಲಿ ಗೆದ್ದಲು ಬಂತು. ಎಣ್ಣೆ ಬಳಿದ ಕಪಾಟುಗಳನ್ನೆಲ್ಲ ಬಿಟ್ಟು, ಗೋಡೆಯ ಸಂದಿಯಿಂದ ನೇರ ನನ್ನ ಬೆನ್ನಿಗೆ. ಮೊದಲು ಸಣ್ಣ ಕಚಗುಳಿ, ಆಮೇಲೆ ಹಗಲೆಲ್ಲ ಕರಕರ ಸದ್ದು. ನನ್ನನ್ನು ತಿನ್ನಲಿ, ಮಾವಿನ ಹಲಗೆಯ ಆಯುಸ್ಸೇ ಅಷ್ಟು. ಆದರೆ ಅವು ಕೆಳಗಿನ ಅರೆಯ ಪುಸ್ತಕಗಳಿಗೆ ಬಾಯಿ ಹಾಕಿದವು. ಅಲ್ಲಿಂದ ನಡು ಅರೆಗೆ ಹತ್ತಿದವು. ಅದರ ಮೇಲೆ ನಕ್ಷೆ. ನಂಬಿ ನನ್ನೊಳಗೆ ಇಟ್ಟದ್ದನ್ನು ನನ್ನ ಮೈಯೇ ದಾರಿ ಮಾಡಿ ತಿನ್ನಿಸುತ್ತಿದೆಯಲ್ಲ ಎಂದು ಭಯದಿಂದ ಸತ್ತು ಹೋದೆ. ನನಗೆ ಬಾಯಿಲ್ಲ. ಇದ್ದದ್ದು ಬಾಗಿಲೊಂದೇ. ತೆರೆದಾಗಲೆಲ್ಲ ಬೇಕೆಂದೇ ಕಿರುಗುಟ್ಟಿದೆ. ತೆರೇಸಮ್ಮ ಪಾಪ, ತಿರುಗಣಿಗೆ ಕೊಬ್ಬರಿ ಎಣ್ಣೆ ಬಿಟ್ಟರು.

ಕೊನೆಗೆ ಇಂದು ಬೆಳಿಗ್ಗೆ ಮೇಷ್ಟ್ರು ಹಳೆಯ ನಿಯಮದ ಪುಸ್ತಕ ಕೇಳಿದರು. ತೆರೇಸಮ್ಮ ಬಗ್ಗಿ ಎಳೆದರೆ ರಟ್ಟು ಮಾತ್ರ ಕೈಗೆ ಬಂತು, ಒಳಗೆಲ್ಲ ಮಣ್ಣು. ಅವರು ಮೊದಲು ಮೇಲಿನ ಅರೆಗೆ ಕೈ ಹಾಕಿದರು. ನಕ್ಷೆಯ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿ ಹರಡಿದರು. ಅಂಚಿನಲ್ಲಿ ಒಂದು ತೂತು, ಅಷ್ಟೇ. ದಾರಿಯೆಲ್ಲ ಉಳಿದಿತ್ತು.

ಪುಸ್ತಕಗಳನ್ನು ಇಳಿಸಿ, ಇಬ್ಬರೂ ಸೇರಿ ನನ್ನನ್ನು ಅಂಗಳಕ್ಕೆ ಎಳೆದು ತಂದರು. ನಂಬರಿರುವ ಹಲಗೆಯನ್ನಾದರೂ ಕೊಯ್ದು ಇಟ್ಟುಕೊಳ್ಳೋಣ ಎಂದರು ಮೇಷ್ಟ್ರು. ತೆರೇಸಮ್ಮ ಅದನ್ನು ಬೆರಳಿನಿಂದ ತಟ್ಟಿದರು. ಒಳಗೆ ಟೊಳ್ಳು.

"ಬೇಡ ಸಾರ್. ಒಂದು ಚೂರು ಇಟ್ಕೊಂಡ್ರೂ ಅದ್ರೊಳಗೆ ಅವು ಇರ್ತಾವೆ. ಎಣ್ಣೆ ಬೇಡ ಅಂದೋಳು ನಾನು, ನಾನೇ ಸುಡ್ತೀನಿ."

ಸೀಮೆಎಣ್ಣೆ ಸುರಿದದ್ದಾಯಿತು. ಕಡ್ಡಿಪೆಟ್ಟಿಗೆ ಹಿಡಿದು ನಿಂತ ಆಕೆಗೆ ಗೀರಲು ಕೈ ಬರುತ್ತಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಹಲಗೆ ಸವರಿ, ಮತ್ತೆ ಹಿಂದೆ ಸರಿಯುತ್ತಾರೆ. ಮೇಷ್ಟ್ರು ಮುಖ ಆಚೆ ತಿರುಗಿಸಿದ್ದಾರೆ.

ನನಗೆ ಬೆಂಕಿಯೆಂದರೆ ಭಯ. ಮೈಯೆಲ್ಲ ಭಯ. ಆದರೆ ಸೀಮೆಎಣ್ಣೆ ತಗಲದ ನನ್ನ ಹಿಂಗಾಲಿನಿಂದ ಗೆದ್ದಲು ನೆಲಕ್ಕಿಳಿಯುತ್ತಿರುವುದು ನನಗೆ ಗೊತ್ತಾಗುತ್ತಿದೆ. ಅಲ್ಲಿಂದ ಗ್ರಂಥಾಲಯದ ಗೋಡೆ ಎರಡೇ ಮಾರು. ಒಳಗೆ ಮೇಜಿನ ಮೇಲೆ ನಕ್ಷೆ ಬಿಚ್ಚಿಕೊಂಡು ಮಲಗಿದೆ.

ಗೀರು ತಾಯಿ, ಬೇಗ ಗೀರು.