ಟಚಪ್ಪಮ್ಮನ ಮುಖ

ಬೆಳಿಗ್ಗೆ ಒಂಬತ್ತೂವರೆಗೆ ಸ್ಟುಡಿಯೋದ ಷಟರ್ ಎತ್ತಿದೊಡನೆ ಅವಳು ಮಾಡುತ್ತಿದ್ದ ಮೊದಲ ಕೆಲಸ ಕನ್ನಡಿ ಒರೆಸುವುದು. ಗಿರಾಕಿಗಳು ಫೋಟೋಕ್ಕೆ ಕೂರುವ ಮುಂಚೆ ತಲೆ ಬಾಚಿಕೊಳ್ಳಲೆಂದು ಗೋಡೆಗೆ ತಗುಲಿಸಿದ ಆಳೆತ್ತರದ ಕನ್ನಡಿ ಅದು. ಹಳೆಯ ಪತ್ರಿಕೆಯ ಹಾಳೆಯನ್ನು ಉಂಡೆ ಮಾಡಿ, ನೀರು ಚಿಮುಕಿಸಿ, ಮೂಲೆಯನ್ನೂ ಅಂಚನ್ನೂ ಬಿಡದೆ ಉಜ್ಜುವಳು. ಆದರೆ ಒಮ್ಮೆಯೂ ಅದರ ಎದುರು ನಿಂತು ಒರೆಸಿದವಳಲ್ಲ. ಪಕ್ಕದ ಗೋಡೆಗೆ ಬೆನ್ನು ಆನಿಸಿ, ಬಲಗೈಯನ್ನಷ್ಟೇ ಉದ್ದಕ್ಕೆ ಚಾಚಿ, ಮುಖವನ್ನು ಬಾಗಿಲಿನ ಕಡೆ ತಿರುಗಿಸಿಕೊಂಡು, ಕತ್ತಲಲ್ಲಿ ಸ್ವಿಚ್ಚಿಗೆ ತಡಕಾಡುವವರಂತೆ ಅರ್ಧ ಕನ್ನಡಿ ಮುಗಿಸುವಳು. ಆಮೇಲೆ ತಲೆ ತಗ್ಗಿಸಿ ಅದರ ಮುಂದೆ ಸರಕ್ಕನೆ ದಾಟಿ, ಆ ಕಡೆಯ ಗೋಡೆಗೆ ಆನಿಕೊಂಡು ಎಡಗೈಯಿಂದ ಮಿಕ್ಕರ್ಧ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ನಡುವೆ ಒಂದು ಗಾಜಿನ ತಡಿಕೆ ಮಾತ್ರ. ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡು ಯಂತ್ರದ ಸ್ವಿಚ್ ಹಾಕಿ, ಅದು ಬಿಸಿಯಾಗುವಷ್ಟು ಹೊತ್ತು ನಾನು ಸುಮ್ಮನೆ ಕೂರುವುದು ಅಭ್ಯಾಸ. ಆ ಹೊತ್ತಿನಲ್ಲಿ ಆರು ವರ್ಷ ಈ ನೋಟ ನೋಡಿದ್ದೇನೆ.

ಅವಳನ್ನು ಎಲ್ಲರೂ ಟಚಪ್ಪಮ್ಮ ಎಂದು ಕರೆಯುತ್ತಿದ್ದರು. ಮೂವತ್ತರ ಹೆಣ್ಣಿಗೆ ಅಜ್ಜಿಯಂಥ ಈ ಹೆಸರನ್ನು ಇಟ್ಟವರು ಸ್ಟುಡಿಯೋದ ಯಜಮಾನರು, ಬೀದಿಗೆಲ್ಲ ಮಾಮ ಆದವರು. ಮುಂದಿನ ಕೋಣೆಯಲ್ಲಿ ಮಾಮ ಫೋಟೋ ತೆಗೆಯುವರು. ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳು ಕಂಪ್ಯೂಟರಿನ ಮುಂದೆ ಕೂತು ಅವಕ್ಕೆ ಟಚಪ್ ಮಾಡುವಳು. ಟಚಪ್ ಎಂದರೆ ಮುಖವನ್ನು ಪರದೆಯ ಮೇಲೆ ತಟ್ಟೆಯಗಲ ಹಿಗ್ಗಿಸಿ, ಒಂದೊಂದು ಮೊಡವೆಯನ್ನೂ ಹುಡುಕಿ, ಪಕ್ಕದ ಒಳ್ಳೆಯ ಚರ್ಮದಿಂದ ಒಂದು ಚೂರು ಎತ್ತಿ ಅದರ ಮೇಲೆ ಕೂರಿಸುವುದು. ಹಾಗೆ ದಿನಕ್ಕೆ ಮೂವತ್ತು ನಲವತ್ತು ಮುಖಗಳನ್ನು ತಿಳಿಗೊಳಿಸುತ್ತಿದ್ದವಳ ಸ್ವಂತ ಮುಖದ ತುಂಬ ಮೊಡವೆ. ಹದಿಹರೆಯದಲ್ಲಿ ಬಂದು ಹೋಗುವ ಬಗೆಯವಲ್ಲ; ಹದಿನೈದಕ್ಕೆ ಬಂದು ಮೂವತ್ತಾದರೂ ಜಾಗ ಖಾಲಿ ಮಾಡದವು. ಕೆಂಪಗೆ, ಗಂಟುಗಂಟಾಗಿ, ಎಡಗೆನ್ನೆಯ ಮೇಲೆ ಹೆಚ್ಚು ಒತ್ತಾಗಿ.

ಆ ಎಡಗೆನ್ನೆಯೇ ಅವಳ ನಡಿಗೆಯನ್ನು ತಿದ್ದಿತ್ತು. ಬೀದಿಯಲ್ಲಿ ಯಾವಾಗಲೂ ಗೋಡೆ ಎಡಕ್ಕೆ ಬರುವ ಹಾಗೆ ನಡೆಯುವಳು; ಮನೆಗೆ ಹೋಗುವಾಗ ಅದಕ್ಕಾಗಿಯೇ ರಸ್ತೆ ದಾಟುವಳು. ಎಂಥ ಸೆಕೆಯಲ್ಲೂ ಕಿವಿಯ ತನಕ ಕಾಲರ್ ಎತ್ತಿದ ಒಂದು ಬೂದು ಕೋಟು. ಕೇಳಿದರೆ, "ಕಂಪ್ಯೂಟರ್ ರೂಮಲ್ಲಿ ಏಸಿ ಅಲ್ವಾ ಅಕ್ಕ" ಅನ್ನುವಳು. ಆ ಏಸಿ ಕೆಟ್ಟು ಎರಡು ವರ್ಷವಾಗಿತ್ತು. ಯಾರಾದರೂ ತಮಾಷೆಗೆ ಅವಳ ಫೋಟೋ ತೆಗೆಯಲು ಹೊರಟರೆ ಅವಳದು ಒಂದೇ ಮಾತು: "ಇವತ್ತು ಬೆಳಕು ಸರಿ ಇಲ್ಲ." ಫೋಟೋದವರು ಹೇಳುವ ಮಾತಾದ್ದರಿಂದ ಎಲ್ಲರೂ ನಂಬುತ್ತಿದ್ದರು. ಅವಳ ಗುರುತಿನ ಚೀಟಿಗಳಲ್ಲೆಲ್ಲ ಹದಿನಾಲ್ಕರ ಎರಡು ಜಡೆಯ ಹುಡುಗಿಯೇ ಇದ್ದಳು.

ಕೆಲಸದಲ್ಲಿ ಮಾತ್ರ ಅವಳಿಗೊಂದು ನೇಮವಿತ್ತು. ಅದು ಬಂದದ್ದು ಒಬ್ಬ ನಿವೃತ್ತ ಮೇಷ್ಟರಿಂದ. ಅವರ ಹುಬ್ಬಿನ ಮೇಲೆ ಹಳೆಯದೊಂದು ಗಾಯದ ಕಲೆ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಇವಳು ಬಹಳ ನಾಜೂಕಾಗಿ ಅದನ್ನು ಅಳಿಸಿಬಿಟ್ಟಳು. ಮರುದಿನ ಮೇಷ್ಟರು ಫೋಟೋ ಹಿಡಿದು ಕೌಂಟರ್ ಕುಟ್ಟಿದರು. "ನನ್ನ ಗಾಯ ಎಲ್ಲಮ್ಮ? ಪಿಂಚಣಿ ಕಾಗದದಲ್ಲಿ ಗುರುತು ಅಂತ ಅದನ್ನೇ ಬರೆಸಿದೀನಿ. ಇದ್ಯಾರೋ ಬೇರೆ ಗಂಡಸು. ಚೆನ್ನಾಗಿದಾನೆ, ಆದ್ರೆ ನಾನಲ್ಲ. ನಂದು ನಂಗೆ ವಾಪಸ್ ಕೊಡು." ಅವತ್ತಿನಿಂದ ಅವಳು ಗಿರಾಕಿಗಳನ್ನು ಬಾಗಿಲ ಮರೆಯಿಂದಲೇ ಕೇಳುವಳು: ಇದು ಮಚ್ಚೆನಾ, ಮೊಡವೆನಾ? ಇದು ಹಳೇ ಕಲೆನಾ? ಕೇಳಿಕೊಂಡು ಹೇಳುವಳು: "ಮೊಡವೆ ಇವತ್ತು ಬಂದು ನಾಳೆ ಹೋಗೋದು, ಅದನ್ನ ತೆಗೀತೀನಿ. ಉಳಿದದ್ದು ನಿಮ್ದು."

ಇದೆಲ್ಲ ಹೀಗೇ ಸಾಗುತ್ತಿತ್ತೇನೋ. ಆದರೆ ಮಾಮನ ಕೈ ನಡುಗತೊಡಗಿತು. ಕ್ಯಾಮೆರಾ ಸ್ಟ್ಯಾಂಡಿನ ಮೇಲಿದ್ದರೂ ಗುಂಡಿ ಒತ್ತುವ ಬೆರಳೇ ಅದನ್ನು ಅಲುಗಿಸುತ್ತಿತ್ತು. ಒಂದು ದಿನ ಅವರು ತಡಿಕೆಯ ಈಚೆ ಕೂತಿದ್ದ ನನಗೂ ಕೇಳುವ ಹಾಗೆ ಅವಳಿಗೆ ಹೇಳಿದರು: "ಬೆಳಕು ಗೊತ್ತಿರೋಳು ನೀನೊಬ್ಳೇ. ಮುಂದೆ ಬಾ. ಕ್ಯಾಮೆರಾ ಹಿಡಿ. ಅಂಗಡಿ ನಿನ್ನ ಹೆಸರಿಗೇ ಮಾಡ್ತೀನಿ."

"ನಾನು ಹಿಂದೇನೇ ಇರ್ತೀನಿ ಮಾಮ. ಫೋಟೋ ತೆಗ್ಸೋಕೆ ಬಂದೋರು ನನ್ನ ಮುಖ ನೋಡಿ ನಗ್ಬೇಕಲ್ಲ. ಯಾರು ನಗ್ತಾರೆ?"

"ನನ್ನ ಮುಖ ನೋಡಿ ನಲವತ್ತು ವರ್ಷ ನಕ್ಕಿದಾರೆ. ನಾನೇನು ಚಂದ್ರನಾ?" ಮಾಮ ರೇಗಿದರು. ಆಮೇಲೆ ತಣ್ಣಗೆ, "ಮೂರು ತಿಂಗಳು ಕಾಯ್ತೀನಿ. ಆಮೇಲೆ ಹೊರಗಿನವ್ರಿಗೆ ಕೊಟ್ಬಿಡ್ತೀನಿ. ಅವ್ರು ನಿನ್ನ ಇಟ್ಕೊಳ್ತಾರೋ ಇಲ್ವೋ, ನಂಗೊತ್ತಿಲ್ಲ" ಎಂದರು.

ಆ ವಾರವೇ ಚರ್ಮದ ಡಾಕ್ಟರಮ್ಮ ಪಾಸ್‌ಪೋರ್ಟ್ ಅಳತೆಯ ಫೋಟೋಕ್ಕೆ ಬಂದದ್ದನ್ನು ನಾನು ದೈವಕೃಪೆ ಎಂದೇ ಎಣಿಸುತ್ತೇನೆ. ಟಚಪ್ಪಮ್ಮ ಅದನ್ನು ಕಾಕತಾಳೀಯ ಅನ್ನುತ್ತಾಳೆ. ಈ ವಿಷಯದಲ್ಲಿ ನಾವಿಬ್ಬರೂ ಜಗಳವಾಡುವುದಿಲ್ಲ. ಡಾಕ್ಟರಮ್ಮನ ಫೋಟೋವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ ಇವಳು ಬಾಗಿಲ ಮರೆಯಿಂದ, "ನಿಮ್ಮ ಮುಖದಲ್ಲಿ ನಂಗೆ ಕೆಲಸವೇ ಇಲ್ಲ ಮೇಡಂ" ಎಂದಳಂತೆ. ಆಕೆ ಬಾಗಿಲು ಸರಿಸಿ ಒಳಗೆ ಬಂದು, ಒಂದು ಗಳಿಗೆ ನೋಡಿ, ಮೆಲ್ಲಗೆ, "ನಿಮ್ಮ ಮುಖದಲ್ಲಿ ನಂಗೆ ಸ್ವಲ್ಪ ಕೆಲಸ ಇದೆ. ನಾಳೆ ಬರ್ತೀರಾ?" ಎಂದರಂತೆ.

ಹೋಗಲು ಹಿಂಜರಿದಳು. ಹದಿನೈದು ವರ್ಷದಲ್ಲಿ ಅವಳು ಹಚ್ಚದ್ದು ಏನೂ ಉಳಿದಿರಲಿಲ್ಲ. ಅಮ್ಮ ಹೇಳಿದ್ದು, ಚಿಕ್ಕಮ್ಮ ಹೇಳಿದ್ದು, ಹಲ್ಲುಜ್ಜುವ ಪೇಸ್ಟು, ನಿಂಬೆರಸ. "ಮದುವೆ ಆದ್ರೆ ತಾನಾಗೇ ಹೋಗತ್ತೆ ಅಂದ್ರು ಅಕ್ಕ. ಇದು ಹೋಗದೆ ಮದುವೆ ಆಗಲ್ಲ ಅಂತ್ಲೂ ಅವರೇ ಅಂದ್ರು. ಯಾವುದು ಮೊದಲು ಅಂತ ಯಾರೂ ಹೇಳ್ಲಿಲ್ಲ." ಕೊನೆಗೆ ನಾನೇ ಅಂಗಡಿಯ ಷಟರ್ ಎಳೆದು ಜೊತೆಗೆ ಹೋದೆ. ಡಾಕ್ಟರಮ್ಮ ಚೀಟಿ ಬರೆದು ಕೊಟ್ಟದ್ದು ಕಿರುಬೆರಳುದ್ದದ ಒಂದು ಟ್ಯೂಬು. ಮಲಗುವ ಮುಂಚೆ ಮುಖ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಹಚ್ಚಬೇಕು. ಬೆಳಿಗ್ಗೆ ಬಿಸಿಲಿಗೆ ತಡೆಯಾಗುವ ಕ್ರೀಮು. ಮೊದಮೊದಲು ಉರಿ, ಸಿಪ್ಪೆ ಏಳುವುದು, ಮೊಡವೆ ಇನ್ನೂ ಹೆಚ್ಚಾದಂತೆ ಕಾಣುವುದು, ಎಲ್ಲಾ ಉಂಟು. ಗುಣ ಗೊತ್ತಾಗಲು ಹನ್ನೆರಡು ವಾರ. ಹೊರಗೆ ಬಂದ ಮೇಲೆ ಅವಳು ಬೆರಳು ಮಡಿಸಿ ನೋಡಿ ಹೇಳಿದಳು: "ಮಾಮನ ಮೂರು ತಿಂಗಳೂ ಅಷ್ಟೇ."

ನಾಲ್ಕನೆಯ ವಾರ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅಲ್ಲಲ್ಲಿ ರೂಪಾಯಿಯಗಲ ಸುಟ್ಟಂತೆ ಕೆಂಪು, ಅಂಚಿನಲ್ಲಿ ಸಿಪ್ಪೆ. ನಡುನಡುವೆ ಹೊಸ ಮೊಡವೆಗಳು ಬೇರೆ. ಕೋಟಿನ ಕಾಲರ್ ತಾಗಿದರೂ ಉರಿಯುತ್ತಿತ್ತು, ಆದರೂ ಕೋಟು ಬಿಚ್ಚಲಿಲ್ಲ. ಆ ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಹಾಳಾದ ಜೆರಾಕ್ಸ್ ಹಾಳೆಗಳ ಬುಟ್ಟಿಗೆ ಟ್ಯೂಬನ್ನು ಡಬ್ಬಿ ಸಮೇತ ಹಾಕಿದಳು.

"ಮುಗೀತು ಅಕ್ಕ. ಮಾಮಂಗೆ ಹೇಳ್ಬಿಡ್ತೀನಿ, ಬೇರೆಯವ್ರನ್ನ ನೋಡ್ಕೊಳ್ಳಿ ಅಂತ."

ನಾನು ಬುಟ್ಟಿಯಿಂದ ಡಬ್ಬಿ ಎತ್ತಿದಾಗ ಅದರೊಳಗೆ ಎಂಟು ಮಡಿಕೆಯ ಒಂದು ಕಾಗದ ಸಿಕ್ಕಿತು. ಬಿಚ್ಚಿಯೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಇರುವೆಯ ಕಾಲಿನಷ್ಟು. ನನಗೆ ಗೊತ್ತಿದ್ದುದು ಒಂದೇ ವಿದ್ಯೆ: ಕಾಗದವನ್ನು ಯಂತ್ರದ ಗಾಜಿನ ಮೇಲೆ ಹರಡಿ ಎರಡು ಪಟ್ಟು ದೊಡ್ಡದು ಮಾಡಿದೆ, ಅದನ್ನೇ ಮತ್ತೆ ಎರಡು ಪಟ್ಟು. ನಾಲ್ಕು ದೊಡ್ಡ ಹಾಳೆಗಳನ್ನು ಕೌಂಟರಿನ ಮೇಲೆ ಜೋಡಿಸಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು, ಇಬ್ಬರೂ ಬೆರಳಿಟ್ಟು ಓದತೊಡಗಿದೆವು. ಮೂರನೆಯ ಹಾಳೆಯಲ್ಲಿ ಅವಳ ಬೆರಳು ನಿಂತಿತು. ಬಟಾಣಿ ಕಾಳಿನಷ್ಟು ಮುಲಾಮನ್ನು ಇಡೀ ಮುಖಕ್ಕೆ ತೆಳುವಾಗಿ ಸವರಬೇಕು. ಮೊಡವೆಯ ಮೇಲೆ ಮಾತ್ರ ಹಚ್ಚಬಾರದು.

"ನೀನು ಹ್ಯಾಗೆ ಹಚ್ತಿದ್ದೆ?" ಎಂದೆ.

ಅವಳು ಬೆರಳನ್ನು ಹಾಳೆಯಿಂದ ಎತ್ತಿದಳು. ಆಮೇಲೆ ಹೇಳಿದಳು. ಅಂಗೈಯಗಲದ ಕನ್ನಡಿ, ಟಾರ್ಚು, ಕಿವಿಗೆ ಹಾಕುವ ಹತ್ತಿಕಡ್ಡಿ. ಒಂದೊಂದು ಮೊಡವೆಯನ್ನೂ ಹುಡುಕಿ, ಅದರ ತಲೆಯ ಮೇಲೆ ಒಂದು ದಪ್ಪ ಬೊಟ್ಟು. ದೊಡ್ಡದಕ್ಕೆ ಎರಡು. ಒಳ್ಳೆಯ ಚರ್ಮಕ್ಕೆ ಒಂದಿಷ್ಟೂ ತಾಗದ ಹಾಗೆ ಜೋಪಾನ. ಮುಗಿಸಲು ಮುಕ್ಕಾಲು ಗಂಟೆ.

"ಡಾಕ್ಟ್ರು ಹೇಳಿದ್ರು ಅಕ್ಕ, ಇಡೀ ಮುಖಕ್ಕೆ ಅಂತ. ಏನೂ ಇಲ್ದಿರೋ ಜಾಗಕ್ಕೆ ಯಾಕೆ ದಂಡ ಅನ್ಕೊಂಡೆ." ಇದ್ದಕ್ಕಿದ್ದಂತೆ ಸುಟ್ಟ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಗತೊಡಗಿದಳು. ನಕ್ಕರೆ ಉರಿ, ಉರಿದರೆ ಇನ್ನೂ ನಗು. "ಅಯ್ಯೋ ನನ್ನ ಕರ್ಮವೇ! ತಿಂಗಳಿಂದ ನನ್ನ ಮುಖಕ್ಕೆ ನಾನೇ ಟಚಪ್ ಮಾಡ್ತಿದೀನಿ!"

ಮರುದಿನ ಮತ್ತೆ ಡಾಕ್ಟರಮ್ಮನಲ್ಲಿಗೆ. ಆಕೆ ಬಯ್ಯಲಿಲ್ಲ. "ಮೊಡವೆ ಕಾಣೋ ಕಡೆ ಮಾತ್ರ ಇರಲ್ಲಮ್ಮ. ಕಾಣದ ಕಡೆ ಒಳಗೇ ತಯಾರಾಗ್ತಿರತ್ತೆ. ಈ ಮದ್ದು ಅದಕ್ಕೆ" ಎಂದು ಹೇಳಿ, ಒಂದು ವಾರ ಬಿಡುವು, ಆಮೇಲೆ ದಿನ ಬಿಟ್ಟು ದಿನ, ಮೊದಲು ಚರ್ಮ ಮೆತ್ತಗಾಗುವ ಕ್ರೀಮು ಹಚ್ಚಿ ಅದರ ಮೇಲೆ ಇದು ಎಂದು ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕಾಯುವವರದೇ ಒಂದು ಲೋಕ. ಬಸುರಿಯರು ಪರಸ್ಪರ ತಿಂಗಳು ಕೇಳಿದಂತೆ ಅಲ್ಲಿ ಎಲ್ಲರೂ "ನಿಮಗೆ ಎಷ್ಟನೇ ವಾರ?" ಎಂದು ಕೇಳುತ್ತಿದ್ದರು. ಬಸ್ ಓಡಿಸುವ ದಪ್ಪ ಮೀಸೆಯವರೊಬ್ಬರಿಗೆ ಹದಿನಾಲ್ಕನೆಯ ವಾರ. ಅವರ ಮುಲಾಮು ತಲೆದಿಂಬಿನ ನೀಲಿ ಬಣ್ಣವನ್ನೆಲ್ಲ ತಿಂದುಬಿಟ್ಟಿತ್ತು. "ಹೆಂಡ್ತಿ ಹೇಳ್ತಾಳೆ, ಮುಖದ್ದು ಹೋಗತ್ತೋ ಇಲ್ವೋ, ಮನೇಲಿರೋ ಬಟ್ಟೇದೆಲ್ಲ ಹೋಗತ್ತೆ ಅಂತ. ಆದ್ರೂ ಹೋಗ್ತಾ ಇದೆಯಮ್ಮ, ಮುಖದ್ದೂ. ಆರನೇ ವಾರ ನಾನೂ ಬಿಸಾಕೋಣ ಅಂದಿದ್ದೆ." ಟಚಪ್ಪಮ್ಮ ಕಾಲರ್ ಇಳಿಸಿ ಅವರಿಗೆ ತನ್ನ ಕೆನ್ನೆ ತೋರಿಸಿದಳು. ಅಪರಿಚಿತರಿಗೆ ಅವಳು ಎಡಗೆನ್ನೆ ತೋರಿಸಿದ್ದು ನಾನು ಕಂಡಂತೆ ಅದೇ ಮೊದಲು.

ಮಾಮ ಕೊಟ್ಟ ಗಡುವಿಗೆ ತಿಂಗಳು ಸೇರಿಸಲು ಕೇಳು ಎಂದು ನಾನು ಹೇಳಿದರೆ, ಬೇಡ ಎಂದಳು. ಆಮೇಲಿನ ವಾರಗಳಲ್ಲಿ ಪವಾಡ ಏನೂ ನಡೆಯಲಿಲ್ಲ. ಕೆಂಪು ಇಳಿಯಿತು. ಸಿಪ್ಪೆ ನಿಂತಿತು. ಒಂಬತ್ತನೆಯ ವಾರ ಹೊಸ ಮೊಡವೆ ಎರಡೇ ಎರಡು. ಹನ್ನೊಂದನೆಯ ವಾರದ ಒಂದು ಬೆಳಿಗ್ಗೆ ನನ್ನ ಯಂತ್ರ ಬಿಸಿಯಾಗುತ್ತಿದ್ದಾಗ ತಡಿಕೆಯ ಆಚೆ ನೋಡಿದೆ. ಅವಳು ಕನ್ನಡಿಯ ನಟ್ಟನಡುವೆ ನಿಂತು ಎರಡೂ ಕೈಯಿಂದ ಒರೆಸುತ್ತಿದ್ದಳು. ತನ್ನನ್ನು ನೋಡಿಕೊಳ್ಳುತ್ತಲೂ ಇರಲಿಲ್ಲ. ಒಂದು ಕಲೆ ಅಂಟಿಕೊಂಡಿತ್ತು, ಅದನ್ನು ಉಗುರಿನಿಂದ ಕೆರೆಯುವುದರಲ್ಲಿ ಮುಳುಗಿದ್ದಳು. ಬೂದು ಕೋಟು ಮೊಳೆಗೆ ನೇತಾಡುತ್ತಿತ್ತು. ನಾನು ದೇವರ ಹೆಸರನ್ನು ಆ ದಿನ ಎರಡು ಸಲ ಹೇಳಿಕೊಂಡೆ.

ಮೂರು ತಿಂಗಳು ತುಂಬಲು ನಾಲ್ಕು ದಿನ ಇದ್ದಾಗ ಅವಳು ಕೇಳದೆಯೇ ಕ್ಯಾಮೆರಾದ ಹಿಂದೆ ಹೋಗಿ ನಿಂತಳು. ಆ ದಿನ ಬಂದವಳು ಹೊಸ ಕೆಲಸಕ್ಕೆ ಅರ್ಜಿ ಹಾಕುವ ಹೆಂಗಸು. ಗಲ್ಲದ ತುಂಬ ಮೊಡವೆ, ಅದರ ಮೇಲೊಂದು ಅಂಗೈ. ಮಾಮ ಆಗಿದ್ದರೆ ಕೈ ತೆಗೀಮ್ಮ ಎಂದು ಹತ್ತು ಸಲ ಕೂಗುತ್ತಿದ್ದರು. ಇವಳು ಕ್ಯಾಮೆರಾದ ಪಕ್ಕಕ್ಕೆ ಮುಖ ಚಾಚಿ, "ಒಂದ್ಸಲ ನನ್ನ ನೋಡಿ" ಎಂದಳು, ಅಷ್ಟೇ. ಆ ಹೆಂಗಸು ನೋಡಿದಳು. ಟಚಪ್ಪಮ್ಮನ ಕೆನ್ನೆಯ ಮೇಲಿನ ಕಂದು ಕಲೆಗಳನ್ನೂ ಸಣ್ಣ ಕುಳಿಗಳನ್ನೂ ನಿಧಾನವಾಗಿ ನೋಡಿದಳು. "ನಿಮಗೂನಾ?" ಎಂದಳು. ಕೈ ತಾನಾಗಿ ಇಳಿಯಿತು. ಒಳಗಿನಿಂದ ಮಾಮ ಇಣುಕಿ ನೋಡಿ ಹಿಂದಕ್ಕೆ ಹೋದರು.

ಊರಿನ ಜನರ ಮುಖಗಳನ್ನು ತಿಳಿಗೊಳಿಸುವವರು, ಹರಿದ ಬಟ್ಟೆ ಕಾಣದ ಹಾಗೆ ಹೊಲಿಯುವವರು, ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿಯುವವರು, ಇವರೆಲ್ಲ ಒಂದೇ ಕುಲ ಎಂದು ನನಗನ್ನಿಸುತ್ತದೆ. ಲೋಕದ ಕುಂದುಗಳನ್ನು ಹತ್ತಿರದಿಂದ ನೋಡಿ ನೋಡಿ ಅವರ ಕಣ್ಣು ಚುರುಕಾಗುತ್ತದೆ. ಆ ಚುರುಕು ಕಣ್ಣು ತಮ್ಮ ಕಡೆ ತಿರುಗಿದಾಗ ಮಾತ್ರ ಅದಕ್ಕೆ ದಯೆ ಇರುವುದಿಲ್ಲ. ಕುಂದನ್ನಷ್ಟೇ ನೋಡುತ್ತಾರೆ, ಅದರ ಸುತ್ತ ಒಂದು ಇಡೀ ಮುಖವಿದೆ ಎಂಬುದನ್ನು ಮರೆಯುತ್ತಾರೆ. ಅವರಿಗೆ ಬೇಕಾದ ಮದ್ದು ಬಟಾಣಿ ಕಾಳಿನಷ್ಟೇ. ಆದರೆ ಅದನ್ನು ಎಲ್ಲ ಕಡೆಗೂ ಸಮನಾಗಿ ಸವರಿಕೊಂಡು, ವಾರಗಟ್ಟಲೆ ಕಾಯಬೇಕು.

ಸ್ಟುಡಿಯೋ ಅವಳ ಹೆಸರಿಗೆ ಆಗಲು ಅರ್ಜಿಗೆ ಅವಳದೊಂದು ಫೋಟೋ ಬೇಕಿತ್ತು. ಎರಡು ಜಡೆಯ ಹುಡುಗಿ ಇನ್ನು ಸಾಲದು. ಸ್ಟೂಲಿನ ಮೇಲೆ ಅವಳು ಕೂತಳು. ಮಾಮ ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಆಶ್ಚರ್ಯವೆಂದರೆ ಕೈ ನಡುಗಲಿಲ್ಲ. ಹಿಂದಿನ ಕೋಣೆಯಲ್ಲಿ ಅವಳ ಮುಖ ಪರದೆಯ ಮೇಲೆ ತಟ್ಟೆಯಗಲ ಬಂದಾಗ ಮಾಮ ಕನ್ನಡಕ ಏರಿಸಿ, ಎಷ್ಟೋ ವರ್ಷ ಮುಟ್ಟದಿದ್ದ ಮೌಸಿನ ಮೇಲೆ ಕೈಯಿಟ್ಟರು.

"ಸರಿ, ಏಳು. ಇವತ್ತು ನಿಂಗೆ ನಾನು ಟಚಪ್ ಮಾಡ್ತೀನಿ. ಆ ಕಲೆಗಳೆಲ್ಲ ಎರಡು ನಿಮಿಷದ ಕೆಲಸ."

ಅವಳು ಪರದೆಗೆ ಹತ್ತಿರ ಬಾಗಿ ತನ್ನ ಎಡಗೆನ್ನೆಯನ್ನು ಗಿರಾಕಿಯ ಕೆನ್ನೆಯನ್ನು ನೋಡುವಂತೆ ನೋಡಿದಳು. ಮೊಡವೆಯೊಂದೂ ಇರಲಿಲ್ಲ. ಮಾಮನ ಕೈಯ ಕೆಳಗಿನಿಂದ ಮೌಸನ್ನು ಮೆಲ್ಲಗೆ ಎಳೆದುಕೊಂಡಳು.

"ಬೇಡ ಮಾಮ. ತೆಗೆಯೋದು ಏನೂ ಇಲ್ಲ. ಉಳಿದದ್ದೆಲ್ಲ ನಂದು."