ತಿಕೋಟಾದ ಸವಾಲು, ಬಬಲೇಶ್ವರದ ಜವಾಬು

ಒಣದ್ರಾಕ್ಷಿ ಶೆಡ್ಡಿನ ಮೆಟ್ಟಿಲ ಮೇಲಿಂದ ಜಾರಿ ಬಿದ್ದು ತಿಕೋಟಾದ ಅಕ್ಕನಾಗಮ್ಮ ಕಾಲು ಮುರಿದುಕೊಂಡಾಗ ಇಸ್ಮಾಯಿಲನ ಮಗಳ ಮದುವೆಗೆ ಇನ್ನೊಂದೇ ವಾರ ಉಳಿದಿತ್ತು. ಡಾಕ್ಟರು ತೊಡೆಯ ತನಕ ಪ್ಲಾಸ್ಟರ್ ಹಾಕಿ, ಮಂಚ ಬಿಟ್ಟು ಇಳಿಯಕೂಡದು ಎಂದರು.

ಅಕ್ಕನಾಗಮ್ಮ ಗೀಗೀ ಪದ ಹಾಡುವವಳು, ಹೆಣ್ಣೇ ಹೆಚ್ಚು ಎಂದು ವಾದಿಸುವ ನಾಗೇಶಿ ಪಕ್ಷ. ಬಬಲೇಶ್ವರದ ಇಸ್ಮಾಯಿಲ ಗಂಡೇ ಹೆಚ್ಚು ಎನ್ನುವ ಹರದೇಶಿ. ಒಬ್ಬರು ಹಾಡಿನಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ನಿಂತ ನಿಲುವಿನಲ್ಲೇ ಹಾಡಿನಲ್ಲೇ ಜವಾಬು ಕೊಡಬೇಕು. ಈ ಭಾಗದ ಎಷ್ಟೋ ಊರುಗಳಲ್ಲಿ ಇಬ್ಬರೂ ಎದುರಾಬದುರಾ ನಿಂತು ಬೆಳಗು ಮಾಡಿದವರು. ಇಸ್ಮಾಯಿಲನ ಮಗಳು ಸಮ್ರೀನ ತೊಟ್ಟಿಲಲ್ಲಿದ್ದಾಗ ಅಕ್ಕನಾಗಮ್ಮ ಅವಳ ಗಲ್ಲ ಹಿಂಡಿ, “ನಿನ್ನ ಲಗ್ನದ ಹಂದರದಾಗ ನಿಮ್ಮಪ್ಪನ್ನ ಸೋಲಸ್ತೇನಿ, ನೋಡ್ತಿರು” ಎಂದಿದ್ದಳು. ಮದುವೆಯ ಹಿಂದಿನ ಸಂಜೆ ಹಂದರದಿಂದಲೇ ಆ ಹಾಡಿಕೆಯನ್ನು ನೇರ ಪ್ರಸಾರ ಮಾಡುತ್ತೇವೆಂದು ವಿಜಯಪುರದ ಲೋಕಲ್ ಚಾನೆಲ್ಲಿನವರು ದಿನಾ ಸಾರುತ್ತಿದ್ದರು.

ಕಾಲು ಮುರಿದ ಸುದ್ದಿ ಕೇಳಿ ಚಾನೆಲ್ಲಿನ ಮಾಲೀಕ ಗುರುಪಾದಯ್ಯ ತಲೆ ಮೇಲೆ ಕೈ ಹೊತ್ತು ಕೂತ.

“ಹಳೇ ರಿಕಾರ್ಡಿಂಗ್ ಹಾಕಿಬಿಡೋಣು, ಶೈಲಾ.”

ಶೈಲಾ ಚಾನೆಲ್ಲಿನ ನೇರ ಪ್ರಸಾರವನ್ನೆಲ್ಲ ನೋಡಿಕೊಳ್ಳುವ ಎಂಜಿನಿಯರ್. ಮಾತು ಕಡಿಮೆ, ಆದರೆ ಆಡಿದರೆ ಅಳುಕಿಲ್ಲ.

“ಬ್ಯಾಡ್ರಿ ಸರ. ಅಕ್ಕನಾಗಮ್ಮಾರು ಮಂಚದ ಮ್ಯಾಲ ಕುಂತ ಹಾಡ್ಲಿ. ಇಸ್ಮಾಯಿಲಣ್ಣಾರು ಹಂದರದಾಗ ಹಾಡ್ಲಿ. ನಡುವ ನಾ ಕೂಡಿಸ್ತೇನಿ.”

“ಇಂಟರ್ನೆಟ್ ಮ್ಯಾಲ ಸವಾಲ್-ಜವಾಬ್ ಆಗ್ತೈತೇನ?”

“ಆಗೂ ಹಂಗ ಮಾಡೂಣ್ರಿ.”

ಪ್ರಸಾರದ ಹಿಂದಿನ ದಿನ ಮಧ್ಯಾಹ್ನ ಶೈಲಾ ಕ್ಯಾಮೆರಾ, ಮೈಕು, ಸಣ್ಣದೊಂದು ಟಿ.ವಿ. ತಗೊಂಡು ತಿಕೋಟಾಕ್ಕೆ ಬಂದಳು. ಕ್ಯಾಮೆರಾಮನ್ ಸುಫಿಯಾನ ಬಬಲೇಶ್ವರದ ಹಂದರದಲ್ಲಿ ನಿಂತ. ಅಕ್ಕನಾಗಮ್ಮ ದಿಂಬಿಗೆ ಒರಗಿ ಒಂದು ಸವಾಲು ಹಾಡಿ ಮುಗಿಸಿದಳು. ಪಕ್ಕದಲ್ಲಿ ದಪ್ಪು ಹಿಡಿದಿದ್ದ ಅವಳ ಸೊಸೆ ಸೌಭಾಗ್ಯ ‘ಗೀ ಗೀ’ ಎಂದು ಸೊಲ್ಲು ಎತ್ತಿದಳು. ಟಿ.ವಿ.ಯಲ್ಲಿ ಇಸ್ಮಾಯಿಲ ಗೊಂಬೆಯ ಹಾಗೆ ಸುಮ್ಮನೆ ನೋಡುತ್ತಿದ್ದ. ಇವಳು ಬೇಸತ್ತು ಮುಂದಿನ ನುಡಿ ಎತ್ತಿಕೊಂಡ ಮೇಲೆ ಅವನ ಜವಾಬು ಬಂದು ಅದರ ಮೇಲೆ ಬಿತ್ತು. ಇಬ್ಬರೂ ನಿಲ್ಲಿಸಿದರು. ಇಬ್ಬರೂ ಮತ್ತೆ ಒಟ್ಟಿಗೇ ಶುರು ಮಾಡಿದರು.

“ಏನ ಬೇ ಇದು?” ಅಕ್ಕನಾಗಮ್ಮ ರೇಗಿದಳು. “ನನ್ನ ಸವಾಲ ಅವಗ ಮುಟ್ಟೂದ್ರಾಗ ಹಳಸಿ ಹೋಗಾಕತ್ತೈತಿ!”

ಶೈಲಾಗೆ ಕಾರಣ ಗೊತ್ತಿತ್ತು. ತಿಕೋಟಾದಿಂದ ಹೊರಟ ಹಾಡು ದೂರದ ರಾಜ್ಯದಲ್ಲಿದ್ದ ಬಾಡಿಗೆ ಸರ್ವರ್‌ಗೆ ಹೋಗಿ, ಅಲ್ಲಿಂದ ವಿಜಯಪುರಕ್ಕೆ ಬಂದು, ಮತ್ತೆ ಬಬಲೇಶ್ವರಕ್ಕೆ ಹೋಗುತ್ತಿತ್ತು. ಚಿತ್ರ ಕಡಿಯಬಾರದೆಂದು ಪ್ರತಿ ಕಡೆಯೂ ಒಂದಿಷ್ಟನ್ನು ಬಫರ್‌ನಲ್ಲಿ ಕೂಡಿಟ್ಟುಕೊಂಡೇ ಮುಂದೆ ಬಿಡುತ್ತಿದ್ದರು. ಸುದ್ದಿ ಓದುವುದಕ್ಕೆ ಅದು ನಡೆಯುತ್ತದೆ. ಎದುರು ಮಾತಿಗೆ ನಡೆಯುವುದಿಲ್ಲ.

ಅವಳು ಆ ಬಾಡಿಗೆ ಸರ್ವರನ್ನೇ ಬಿಟ್ಟಳು. ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿದ ಪೆಟ್ಟಿಗೆಯೊಂದನ್ನು ಮಾಳಿಗೆಯ ಮೇಲಿಟ್ಟು, ಚಿತ್ರ-ದನಿಯನ್ನು ಎಲ್ಲ ಸಿಮ್‌ಗಳ ಮೇಲೂ ಹಂಚಿ, ವಿಜಯಪುರದ ಸ್ಟುಡಿಯೋಗೆ ನೇರ ದಾರಿ ಮಾಡಿದಳು. ಕೂಡಿಡುವುದನ್ನು ಆದಷ್ಟು ಕಡಿಮೆ ಮಾಡಿ, ದಾರಿಯಲ್ಲಿ ಕಳೆದುಹೋದ ಚೂರನ್ನಷ್ಟೇ ತಿರುಗಿ ಕೇಳಿ ತರಿಸಿಕೊಳ್ಳುವ ಏರ್ಪಾಡು ಮಾಡಿದಳು. ಸುಫಿಯಾನನ ಕೈಯಲ್ಲೂ ಫೋನಿನಲ್ಲಿ ಹೇಳಿ ಹಾಗೆಯೇ ಮಾಡಿಸಿದಳು.

ಈ ಸಲ ಅಕ್ಕನಾಗಮ್ಮ “ಏನೋ ತಮ್ಮಾ!” ಎನ್ನುತ್ತಲೇ “ಏನ ಅಕ್ಕಾ?” ಎಂದು ಇಸ್ಮಾಯಿಲ ನಕ್ಕ.

“ಇನ್ನೂ ಒಂದ ಚೂರ ತಡಾ ಐತ್ರಿ,” ಶೈಲಾ ಅಂದಳು. “ಅದನ್ನ ತಗಿಯೂದು ನನ್ನ ಕೈಯಾಗ ಇಲ್ಲ.”

“ಅಷ್ಟ ನನಗ ಬಿಡ. ಸವಾಲ ಮುಗದಿಂದ ಸೌಭಾಗ್ಯ ಒಂದ ಪೆಟ್ಟ ಹೆಚ್ಚಿಗಿ ಬಡೀತಾಳ. ಅದರಾಗ ನಿನ್ನ ತಡಾ ಮುಚ್ಚಿ ಹೋಗ್ತೈತಿ.”

ಮರುದಿನ ಸಂಜೆ ಪ್ರಸಾರ ಶುರುವಾಯಿತು. ಬಬಲೇಶ್ವರದ ಹಂದರದಲ್ಲಿ ಕೂಡ್ರಲು ಜಾಗವಿರಲಿಲ್ಲ. ದೊಡ್ಡ ಪರದೆಯ ಮೇಲೆ ಪ್ಲಾಸ್ಟರ್ ಕಾಲು ಚಾಚಿ ಕೂತ ಅಕ್ಕನಾಗಮ್ಮ ಕಾಣುತ್ತಲೇ ಸಿಳ್ಳೆ ಬಿದ್ದವು. ಎರಡು ಸವಾಲು, ಎರಡು ಜವಾಬು ಚಲೋ ಹೋದವು. ಮೂರನೆಯದಕ್ಕೆ ಅಕ್ಕನಾಗಮ್ಮನ ಮುಖ ಚೌಕ ಚೌಕವಾಗಿ ಒಡೆಯತೊಡಗಿತು. ಊರಿಗೂರೇ ಮೊಬೈಲಿನಲ್ಲಿ ಇದನ್ನೇ ನೋಡಲು ಕೂತು, ತಿಕೋಟಾದ ಟವರಿನ ಮೇಲೆ ಭಾರ ಬಿದ್ದಿತ್ತು.

ಗುರುಪಾದಯ್ಯನ ಫೋನು ಬಂತು. “ಶೈಲಾ, ಚಿತ್ರ ಒಡ್ಯಾಕತ್ತೈತಿ. ಬಫರ್ ಹೆಚ್ಚ ಮಾಡು!”

“ಹೆಚ್ಚ ಮಾಡಿದ್ರ ಚಿತ್ರ ಸುದ್ಧ ಆಗ್ತೈತ್ರಿ, ಜವಾಬು ತಡಾ ಆಗ್ತೈತಿ. ನಾ ಚಿತ್ರ ಸಣ್ಣದ ಮಾಡ್ತೇನಿ. ಮಬ್ಬ ಕಂಡ್ರ ಮಂದಿ ತಡಕೋತಾರ, ಹಾಡ ತಪ್ಪಿದ್ರ ಎದ್ದ ಹೋಗ್ತಾರ.”

ಅವಳು ಚಿತ್ರದ ಗುಣಮಟ್ಟ ಇಳಿಸಿದಳು. ಮುಖ ತುಸು ಮಬ್ಬಾಯಿತು, ಆದರೆ ಒಡೆಯಲಿಲ್ಲ. ದನಿ ಗಂಟೆಯ ಹಾಗೆ ಇತ್ತು. ಅಕ್ಕನಾಗಮ್ಮ ಅದನ್ನೇನೂ ಲೆಕ್ಕಿಸದೆ ಹೊಸ ಸವಾಲು ಎತ್ತಿದಳು:

“ಹಸರ ಹಂದರದಾಗ ಹುಟ್ಟಿ ಬೆಳದಾಳ
ಅಕ್ಕ-ತಂಗೇರ ಗೊಂಚಲ ಬಿಟ್ಟ ಇಳದಾಳ
ನೀರ ಬಿಟ್ಟರೂ ಸವಿಯ ಬಿಡವಲ್ಲಳ
ಯಾರ ಈಕಿ ಹೇಳೋ ತಮ್ಮಾ?”

ಸೌಭಾಗ್ಯ ಹೆಚ್ಚಿನ ಪೆಟ್ಟು ಬಡಿದಳು. ಜವಾಬು ಬರಲಿಲ್ಲ. ಇನ್ನೊಂದು ಪೆಟ್ಟು. ಇಲ್ಲ. ಟಿ.ವಿ.ಯಲ್ಲಿ ಇಸ್ಮಾಯಿಲ ಅಲುಗಾಡದೆ ನಿಂತಿದ್ದ.

ಮತ್ತೆ ಫೋನು. “ಲಿಂಕ್ ಹೋತು! ಜಾಹೀರಾತು ಹಾಕ್ತೇನಿ!”

ಶೈಲಾ ಲ್ಯಾಪ್‌ಟಾಪ್ ನೋಡಿದಳು. ಎಲ್ಲ ಅಂಕಿಗಳೂ ಓಡುತ್ತಿದ್ದವು. ಟಿ.ವಿ. ನೋಡಿದಳು. ಇಸ್ಮಾಯಿಲನ ಹಿಂದೆ ಹಂದರದ ಬಣ್ಣದ ಝೂಲು ಬಟ್ಟೆ ಗಾಳಿಗೆ ಹಾರುತ್ತಿತ್ತು, ಅವನ ಕಣ್ಣು ತುಂಬಿದ್ದವು.

“ಲಿಂಕ್ ಚಲೋ ಐತ್ರಿ ಸರ. ಇಸ್ಮಾಯಿಲಣ್ಣಾರು ಅಳಾಕತ್ತಾರ. ಕಟ್ ಮಾಡಬ್ಯಾಡ್ರಿ.”

“ಶೈಲಾ...”

“ನನ್ನ ಮಾತ ನಂಬ್ರಿ. ಕಾಯ್ರಿ.”

ಗುರುಪಾದಯ್ಯ ಕಾದ. ಸುಫಿಯಾನ ಕ್ಯಾಮೆರಾ ಸರಿಸಲಿಲ್ಲ. ಆಗ ಹೆಂಗಸರ ಕಡೆಯಿಂದ ಎಳೆಯ ದನಿಯೊಂದು ಎದ್ದಿತು. ಕೈತುಂಬ ಮೆಹೆಂದಿ ಹಚ್ಚಿಕೊಂಡಿದ್ದ ಸಮ್ರೀನ ಬಂದು ಅಪ್ಪನ ಮಗ್ಗುಲಿಗೆ ನಿಂತಿದ್ದಳು.

“ತಿಕೋಟಾದ ಮಂದಿ ಅದನ ದ್ರಾಕ್ಷಿ ಅಂತಾರ
ತಾಯಿ ಮನಿಯಾಗ ಅದನ ಮಗಳಂತಾರ...”

ಇಸ್ಮಾಯಿಲ ಕಣ್ಣೊರೆಸಿಕೊಂಡು, ಮಗಳ ಹೆಗಲ ಮೇಲೆ ಕೈಯಿಟ್ಟು ದನಿ ಕೂಡಿಸಿದ:

“ಎಲ್ಲಿ ಹೋದರೂ ತವರಿನ ಸವಿಯ ತರತಾಳ
ಈಕಿ ನನ್ನ ಕೂಸ ಕೇಳ ಅಕ್ಕಾ!”

“ಶಹಬ್ಬಾಸ!” ಅಕ್ಕನಾಗಮ್ಮ ಮಂಚದ ಮೇಲೆಯೇ ಕೂಗಿದಳು. ಆ ಶಹಬ್ಬಾಸು ಅಲ್ಲಿ ಚಪ್ಪಾಳೆ ಏಳುವುದರೊಳಗೆ ಹಂದರ ಮುಟ್ಟಿತು. ಅಪ್ಪ-ಮಗಳು ಇಬ್ಬರೂ ಪರದೆಯ ಕಡೆ ತಿರುಗಿ ಕೈಮುಗಿದದ್ದನ್ನು ಶೈಲಾ ಇಲ್ಲಿ ಕಂಡಳು. ಅವಳ ಎದೆ ಹಿಗ್ಗಿತು. ಇಂಥ ಒಂದು ಗಳಿಗೆಯನ್ನು ತುಂಡಾಗದ ಹಾಗೆ ದಾಟಿಸುವುದೇ ತನ್ನ ಕೆಲಸ ಎಂದು ಅನ್ನಿಸಿತು.

“ಸೋತೆ ಬಿಡ ಯವ್ವಾ,” ಅಕ್ಕನಾಗಮ್ಮ ಸಮ್ರೀನಳಿಗೆ ಹೇಳಿದಳು. “ಆದ್ರ ನಿಮ್ಮಪ್ಪಗಲ್ಲ, ನಿನಗ. ಎಲ್ಲಿ, ಇನ್ನೊಂದಕ್ಕ ಜವಾಬ ಕೊಡು ನೋಡೋಣು.”

ಸುದ್ದಿಯ ಹೊತ್ತಾಗಿತ್ತು. ಸ್ಟುಡಿಯೋದಲ್ಲಿ ಸುದ್ದಿ ಓದುವವಳು ತಯಾರಾಗಿ ಕೂತಿದ್ದಳು. ಶೈಲಾ ತಾನೇ ಫೋನು ಹಚ್ಚಿ, “ಸರ, ಏನ ಮಾಡೂಣ್ರಿ?” ಎಂದು ಕೇಳಿದಳು.

“ಸುದ್ದಿ ಆಮ್ಯಾಲ ಓದಿದ್ರಾತು,” ಅಂದ ಗುರುಪಾದಯ್ಯ. “ನೀ ಹಾಡ ನಡಸು.”

ಸೌಭಾಗ್ಯ ಸಡಿಲಾಗಿದ್ದ ದಪ್ಪಿನ ಚರ್ಮವನ್ನು ದೀಪಕ್ಕೆ ಹಿಡಿದು ಕಾಸಿಕೊಂಡಳು. ಅಕ್ಕನಾಗಮ್ಮ ಎರಡು ಗುಟುಕು ನೀರು ಕುಡಿದು, ಕಿವಿಗೆ ಕೈಯಿಟ್ಟು ದನಿ ಎತ್ತಿದಳು.